ಬ್ಲ್ಯಾಕ್‌ಬರ್ನ್ ಮಾರ್ತಾರಂತೆ! ಮೊದಲು ಪಹಣಿ ನೋಡ್ರಿ

ಶನಿವಾರ ಸಂಜೆ, ದಾವಣಗೆರೆ. ಮಂಡಕ್ಕಿ-ಮೆಣಸಿನಕಾಯಿ ಗಾಡಿ ಮುಂದೆ ನಿಂತ ಹುಡುಗರ ಒಂದು ಕೈಯಲ್ಲಿ ಪೊಟ್ಟಣ, ಇನ್ನೊಂದರಲ್ಲಿ ಫೋನು. ಇಂಗ್ಲೆಂಡಿನ ಮಧ್ಯಾಹ್ನ 3ರ ಮ್ಯಾಚು ನಮಗೆ ರಾತ್ರಿ 7.30ಕ್ಕೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 8.30ಕ್ಕೆ. ಶುರುವಾಗೋ ತನಕ ಮಾತೇ ಮಾತು.

"ಅಣ್ಣ, ಈ ಸಲ ಮಾರೇ ಮಾರ್ತಾರಂತೆ."
"ಯಾರಲೇ ಅಂದಿದ್ದು?"
"ಎಲ್ಲಾ ಕಡೆ ಅದೇ ಸುದ್ದಿ ಐತಲ್ಲಣ್ಣ."

ಸುದ್ದಿ ಬ್ಲ್ಯಾಕ್‌ಬರ್ನ್ ರೋವರ್ಸ್ ಅನ್ನೋ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬಿಂದು. ಎಲ್ಲಿಯ ಲ್ಯಾಂಕಷೈರ್, ಎಲ್ಲಿಯ ದಾವಣಗೆರೆ ಅನ್ನಬ್ಯಾಡ್ರಿ. ಹತ್ತಿ ಮಿಲ್ಲುಗಳ ಕಾಲದಲ್ಲಿ ನಮ್ಮೂರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಹೆಸರಿತ್ತು. ಬ್ಲ್ಯಾಕ್‌ಬರ್ನ್ ಆ ಅಸಲಿ ಮ್ಯಾಂಚೆಸ್ಟರ್ ಪಕ್ಕದ ಹತ್ತಿ ನೇಯೋ ಊರು. ಅಲ್ಲೂ ಮಿಲ್ಲು ಮುಚ್ಚಿದವು, ಇಲ್ಲೂ ಮುಚ್ಚಿದವು. ಅದರ ಮೇಲೆ ಆ ಕ್ಲಬ್ಬಿನ ಮಾಲೀಕರು ಪುಣೆಯ ವೆಂಕೀಸ್, ಕೋಳಿ ವ್ಯಾಪಾರದವರು. ಕೋಳಿ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಮೆಕ್ಕೆಜೋಳ ಅಂದ್ರೆ ದಾವಣಗೆರೆ. ಇಷ್ಟು ನಂಟು ಸಾಕಲ್ಲ?

ಹಳೇ ಕಥೆ ಬೇಗ ಮುಗಿಸೋಣ. ಕ್ಲಬ್ಬು ಹುಟ್ಟಿದ್ದು 1875ರಲ್ಲಿ. 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ 12 ತಂಡಗಳಲ್ಲಿ ಒಂದು. ಉಕ್ಕಿನ ವ್ಯಾಪಾರಿ ಜ್ಯಾಕ್ ವಾಕರ್ ದುಡ್ಡು ಸುರಿದ ಮೇಲೆ, 1994-95ರಲ್ಲಿ ಶಿಯರರ್ 34 ಗೋಲು ಹೊಡೆದು, ಅಲ್ಲಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್ ಗೆದ್ದರು. ವಾಕರ್ 2000ದಲ್ಲಿ ತೀರಿಕೊಂಡರು. ನವೆಂಬರ್ 2010ರಲ್ಲಿ ವೆಂಕೀಸ್ ಸುಮಾರು 2.3 ಕೋಟಿ ಪೌಂಡ್‌ಗೆ ಕೊಂಡರು. 2012ರಲ್ಲಿ ಪ್ರೀಮಿಯರ್ ಲೀಗಿಂದ ಕೆಳಗೆ, 2017ರಲ್ಲಿ ಮೂರನೇ ದರ್ಜೆಗೆ, 2018ರಲ್ಲಿ ವಾಪಸ್ ಎರಡನೇ ದರ್ಜೆಗೆ, ಅಂದ್ರೆ ಚಾಂಪಿಯನ್‌ಷಿಪ್ಪಿಗೆ. ಅವತ್ತಿಂದ ಪ್ರತಿ ಸೀಸನ್ನಿಗೂ ಒಂದು "ಮಾರ್ತಾರಂತೆ".

ಈಗ ನಿಜವಾದ ಕೆಲಸ. ಹೊಲ ಕೊಳ್ಳೋಕೆ ಹೋದವನು ಮೊದಲು ಬೆಳೆ ನೋಡ್ತಾನಾ? ಪಹಣಿ ತೆಗೆಸಿ 11ನೇ ಕಾಲಂ ನೋಡ್ತಾನೆ, ಋಣ ಏನೈತೆ ಅಂತ. ಇಂಗ್ಲೆಂಡಿನ ಕ್ಲಬ್ಬಿಗೂ ಅಂಥದ್ದೇ ಪಹಣಿ ಐತೆ. ಹೆಸರು ಕಂಪನೀಸ್ ಹೌಸ್. ಸರ್ಕಾರದ ದಾಖಲೆ, ಫೋನಲ್ಲೇ ತೆಗೀಬಹುದು, ಒಂದು ರೂಪಾಯಿ ಖರ್ಚಿಲ್ಲ. ಹುಡುಕುವಾಗ ಎರಡು ಹೆಸರು ಹಾಕ್ರಿ: ಬ್ಲ್ಯಾಕ್‌ಬರ್ನ್ ರೋವರ್ಸ್ ಫುಟ್‌ಬಾಲ್ ಅಂಡ್ ಅಥ್ಲೆಟಿಕ್ ಲಿಮಿಟೆಡ್, ಆಮೇಲೆ ವೆಂಕೀಸ್ ಲಂಡನ್ ಲಿಮಿಟೆಡ್. ಮೊದಲನೆಯದು ಆಡೋ ಕ್ಲಬ್ಬು, ಎರಡನೆಯದು ಅದರ ತಲೆ ಮೇಲಿನ ಕಂಪನಿ. ಒಂದನ್ನೇ ನೋಡಿದ್ರೆ ಅರ್ಧ ಲೆಕ್ಕ ತಪ್ಪುತ್ತೆ, ಯಾಕಂದ್ರೆ ಸಾಲ ಒಂದರ ಪುಸ್ತಕದಲ್ಲಿ, ಕೊಟ್ಟವರು ಇನ್ನೊಂದರ ಪುಸ್ತಕದಲ್ಲಿ.

ಇಲ್ಲೇ ನಮ್ಮ ಹುಡುಗರು ಮಾಡೋ ದೊಡ್ಡ ತಪ್ಪು ಹೇಳಿಬಿಡ್ತೀವಿ. ಷೇರು ಪೇಟೆಯಲ್ಲಿ ವೆಂಕೀಸ್ ಇಂಡಿಯಾ ಬೆಲೆ ಕುಸೀತು ಅಂದ ಕೂಡಲೇ "ಮುಗೀತು, ಕ್ಲಬ್ ಮಾರ್ತಾರೆ" ಅಂತಾರೆ. ಪೇಟೆಯಲ್ಲಿರೋ ಕಂಪನಿ ಬೇರೆ. ಕ್ಲಬ್ಬು ಇರೋದು ಪೇಟೆಗೆ ಬರದ ವೆಂಕಟೇಶ್ವರ ಹ್ಯಾಚರೀಸ್ ಕೈಯಲ್ಲಿ. ಎರಡೂ ಒಂದೇ ಮನೆತನದ್ದು ಹೌದು, ಆದ್ರೆ ಅಣ್ಣನ ಹೊಲದ ಬೆಳೆ ಒಣಗಿತು ಅಂತ ತಮ್ಮನ ಹೊಲದ ರೇಟು ಹೇಳೋಕಾಗಲ್ಲ.

ಪುಟ ತೆಗೆದ ಮೇಲೆ "ಚಾರ್ಜಸ್" ಅನ್ನೋದನ್ನ ಒತ್ರಿ. ಯಾರ ಹತ್ರ ಏನು ಅಡ ಇಟ್ಟಿದಾರೆ ಅಂತ ಅಲ್ಲಿ ಬರುತ್ತೆ. ಅಡ ಇಟ್ಟ 21 ದಿನದೊಳಗೆ ದಾಖಲಾಗಬೇಕು ಅನ್ನೋದು ಕಾನೂನು, ಹಂಗಾಗಿ ಗಾಳಿಸುದ್ದಿಗಿಂತ ಇದು ಗಟ್ಟಿ. ಹೊಸ ಚಾರ್ಜ್ ಕಂಡ ತಕ್ಷಣ ಮೈದಾನ ಹೋಯ್ತು ಅಂತ ಬಾಯಿ ಬಡ್ಕೋಬ್ಯಾಡ್ರಿ. ಆಟಗಾರನ್ನ ಮಾರಿದ ದುಡ್ಡು ಒಂದೇ ಸಲಕ್ಕೆ ಬರಲ್ಲ, ಎರಡು-ಮೂರು ವರ್ಷದ ಕಂತಲ್ಲಿ ಬರುತ್ತೆ. ಮುಂದೆ ಬರೋ ಕಂತನ್ನ ಅಡ ಇಟ್ಟು ಈಗಲೇ ಸಾಲ ಎತ್ತೋದು ಅಲ್ಲಿ ಮಾಮೂಲು; ಮ್ಯಾಕ್ವಾರಿಯಂಥ ಬ್ಯಾಂಕುಗಳು ಇಂಥ ಸಾಲ ಕೊಟ್ಟಿದ್ದುಂಟು. ಕಂತು ಅಡವಿದ್ರೆ ಕೈ ಬಿಗಿ ಅಂತ ಅರ್ಥ. ಮೈದಾನವೇ ಅಡವಿದ್ರೆ ಮಾತು ಬೇರೆ.

ಮೈದಾನ ಯಾರ ಹೆಸರಲ್ಲೈತೆ ಅನ್ನೋದು ಎಲ್ಲಕ್ಕಿಂತ ಮುಖ್ಯ. ನಮ್ಮ ಡಿಸಿಎಂ ಕಾಟನ್ ಮಿಲ್ಲು ಈಗ ಟೌನ್‌ಷಿಪ್ಪಿನ ಹೆಸರಲ್ಲಿ ಮಾತ್ರ ಉಳಿದೈತೆ. ಮಗ್ಗ ಹೋದ್ರೂ ನೆಲಕ್ಕೆ ಬೆಲೆ ಇರುತ್ತೆ, ಕೊಳ್ಳೋನ ಕಣ್ಣೂ ಅಲ್ಲೇ ಇರುತ್ತೆ. ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬಲ್ಲಿ ಮೈದಾನ ಮಾಲೀಕನ ಬೇರೊಂದು ಕಂಪನಿಗೆ ಹೋಗಿತ್ತು. ಅಕ್ಟೋಬರ್ 2025ರಲ್ಲಿ ಕ್ಲಬ್ಬು, ಆ ಕಂಪನಿ ಎರಡೂ ಅಡ್ಮಿನಿಸ್ಟ್ರೇಷನ್ನಿಗೆ, ಅಂದ್ರೆ ಸಾಲ ತೀರಿಸೋಕಾಗದೆ ಹೊರಗಿನ ಆಡಳಿತಗಾರರ ಕೈಗೆ, ಬಿದ್ದವು. ಕೊಳ್ಳೋನಿಗೆ ಎರಡನ್ನೂ ಜೋಡಿಸೋ ತಲೆನೋವು.

ಇನ್ನು ಬೆಲೆ. "ಎಷ್ಟಕ್ಕೆ ಹೋಗುತ್ತೆ ಅಣ್ಣ?" ಅನ್ನೋದು ಎಲ್ಲರ ಮೊದಲ ಪ್ರಶ್ನೆ, ನಮ್ಮ ಪ್ರಕಾರ ಕೊನೆಗೆ ಕೇಳಬೇಕಾದ್ದು. ಬರಿ ಅನ್ನೋ ಕ್ಲಬ್ಬು 2018ರ ಡಿಸೆಂಬರಲ್ಲಿ ಒಂದೇ ಒಂದು ಪೌಂಡಿಗೆ ಹೋಯ್ತು. ಒಂಬತ್ತು ತಿಂಗಳೊಳಗೆ, ಆಗಸ್ಟ್ 2019ರಲ್ಲಿ, ಲೀಗಿಂದಲೇ ಹೊರಗೆ ಹಾಕಿದರು. ಕೊಳ್ಳೋದು ಸುಲಭ, ತಿಂಗಳ ಸಂಬಳ ಕಷ್ಟ. ಚಾಂಪಿಯನ್‌ಷಿಪ್ಪಲ್ಲಿ ಬಂದ ಆದಾಯ ಪೂರ್ತಿ ಸಂಬಳಕ್ಕೇ ಸಾಲದ ಕ್ಲಬ್ಬುಗಳು ಬೇಕಾದಷ್ಟು. ಲೆಕ್ಕಕ್ಕೆ ಅಂತ ಇಟ್ಕೊಳ್ರಿ: ತಿಂಗಳಿಗೆ 15 ಲಕ್ಷ ಪೌಂಡ್ ಕಮ್ಮಿ ಬಿದ್ರೆ ವರ್ಷಕ್ಕೆ 1.8 ಕೋಟಿ, ಮೂರು ವರ್ಷಕ್ಕೆ 5.4 ಕೋಟಿ. 2025-26ರ ಸೀಸನ್ನಲ್ಲಿ ಲೀಗಿನ ನಿಯಮ ಬಿಡ್ತಿದ್ದ ನಷ್ಟ ಮೂರು ವರ್ಷಕ್ಕೆ 3.9 ಕೋಟಿ ಪೌಂಡ್. ಅದೂ ಮಾಲೀಕ ಸಾಲವಾಗಿ ಅಲ್ಲ, ಷೇರು ಬಂಡವಾಳವಾಗಿ ತುಂಬಿಕೊಟ್ರೆ. ಇಲ್ಲಾಂದ್ರೆ ಬರೀ 1.5 ಕೋಟಿ. ಯೂತ್ ಅಕಾಡೆಮಿ ಖರ್ಚು ಈ ಲೆಕ್ಕಕ್ಕೆ ಸೇರ್ತಿರಲಿಲ್ಲ. ಉಳಿದ ತೂತು ಮುಚ್ಚೋಕೆ ಆಟಗಾರರನ್ನ ಮಾರಲೇಬೇಕು. 2024ರ ಫೆಬ್ರವರಿಯಲ್ಲಿ ಊರಿನ ಹುಡುಗ ಆಡಮ್ ವಾರ್ಟನ್‌ನ ಕ್ರಿಸ್ಟಲ್ ಪ್ಯಾಲೇಸಿಗೆ ಕೊಟ್ಟಿದ್ದು, ಅದೇ ವರ್ಷ ಆಗಸ್ಟಲ್ಲಿ 27 ಲೀಗ್ ಗೋಲು ಹೊಡೆದ ಸ್ಮೋಡಿಕ್ಸ್‌ನ ಇಪ್ಸ್‌ವಿಚ್‌ಗೆ ಕೊಟ್ಟಿದ್ದು, ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡ್ರಿ.

ವೆಂಕೀಸ್ ಇಷ್ಟು ವರ್ಷದಲ್ಲಿ ಹಾಕಿದ್ದು 20 ಕೋಟಿ ಪೌಂಡ್‌ಗೂ ಮೇಲೆ. ಬೈಯೋರು ಇದನ್ನ ಮರೀತಾರೆ, ಹೊಗಳೋರು ಬರೀ ಇದನ್ನೇ ಹೇಳ್ತಾರೆ. 2023ರಿಂದ ಇನ್ನೊಂದು ತೊಡಕು ಬಂತು: ಭಾರತದಲ್ಲಿ ನಡೀತಿದ್ದ ತನಿಖೆಯ ಕಾರಣಕ್ಕೆ, ಕ್ಲಬ್ಬಿಗೆ ದುಡ್ಡು ಕಳಿಸೋಕೆ ದೆಹಲಿ ಹೈಕೋರ್ಟ್ ಅನುಮತಿ ಬೇಕಾಯ್ತು, ಜೊತೆಗೆ ಬ್ಯಾಂಕ್ ಗ್ಯಾರಂಟಿ. ದುಡ್ಡಿಲ್ಲ ಅನ್ನೋದು ಬೇರೆ, ದುಡ್ಡು ದಾಟಿಸೋಕಾಗ್ತಿಲ್ಲ ಅನ್ನೋದು ಬೇರೆ. ಎರಡನೆಯದರಲ್ಲೂ ಆಟಗಾರ ಹೋಗ್ತಾನೆ, ಆದ್ರೆ ಮಾಲೀಕ ಹೋಗ್ತಾನೆ ಅಂತೇನಿಲ್ಲ. ಹೆಚ್ಚಿನ ಊಹೆಗಳು ಕೆಡೋದು ಇಲ್ಲೇ.

"ಅಗ್ರಿಮೆಂಟ್ ಆಯ್ತಂತೆ" ಅಂದ್ರೂ ಕುಣೀಬ್ಯಾಡ್ರಿ. ಇಷ್ಟು ದಿನ ಬೇರೆಯವರ ಜೊತೆ ಮಾತಾಡಲ್ಲ ಅಂತ ಮಾಲೀಕ ಬರೆದುಕೊಟ್ರೆ ಅದು ಹೊಲದ ವ್ಯವಹಾರದ ಸಂಚಕಾರ (ಮುಂಗಡ) ಇದ್ದಂಗೆ, ಅಷ್ಟೆ. ಆಮೇಲೆ ಲೆಕ್ಕಪತ್ರ ತಪಾಸಣೆ, ದುಡ್ಡು ಎಲ್ಲಿಂದ ಬಂತು ಅನ್ನೋ ದಾಖಲೆ, ಮುಂದಿನ ಖರ್ಚಿನ ಯೋಜನೆ, ಕೊನೆಗೆ ಕೊಳ್ಳೋನು ಮಾಲೀಕನಾಗೋಕೆ ತಕ್ಕವನಾ ಅನ್ನೋ ಪರೀಕ್ಷೆ. ಎವರ್ಟನ್ ಕ್ಲಬ್ಬನ್ನ ನೋಡ್ರಿ. ಸೆಪ್ಟೆಂಬರ್ 2023ರಲ್ಲಿ 777 ಪಾರ್ಟ್‌ನರ್ಸ್ ಅನ್ನೋ ಹೂಡಿಕೆ ಕಂಪನಿ ಜೊತೆ ಸಹಿ ಆಯ್ತು, ಅವರು ಕ್ಲಬ್ಬಿಗೆ ಕೋಟಿಗಟ್ಟಲೆ ಸಾಲವನ್ನೂ ಕೊಟ್ಟರು, ಆದ್ರೂ 2024ರ ಮೇ ಕೊನೆಗೆ ವ್ಯವಹಾರ ಮುರಿದುಬಿತ್ತು. ಕೊನೆಗೆ ಡಿಸೆಂಬರಲ್ಲಿ ಕೊಂಡವರು ಫ್ರೀಡ್‌ಕಿನ್ ಗ್ರೂಪ್.

"ಅಡ್ಮಿನಿಸ್ಟ್ರೇಷನ್ನಿಗೆ ಹೋಗ್ಲಿ ಬಿಡು, ಅಗ್ಗಕ್ಕೆ ಯಾರೋ ಕೊಳ್ತಾರೆ" ಅನ್ನೋರೂ ಇದಾರೆ. ಹೋದ ದಿನವೇ 12 ಪಾಯಿಂಟ್ ಕಟ್. ಡರ್ಬಿ ಕೌಂಟಿ ಕ್ಲಬ್ಬಿಗೆ 2021ರಲ್ಲಿ ಈ 12ರ ಜೊತೆ ಲೆಕ್ಕದ ತಪ್ಪಿಗೆ ಇನ್ನೊಂದು 9 ಸೇರಿ 21 ಹೋಯ್ತು, ಆ ಸೀಸನ್ನಲ್ಲೇ ಕೆಳಗಿಳಿದರು. ಸಾಲ ತೀರಿಸೋದ್ರಲ್ಲೂ ಸರದಿ ಐತೆ: ಆಟಗಾರರು, ಬೇರೆ ಕ್ಲಬ್ಬುಗಳಿಗೆ ಪೂರ್ತಿ ಕೊಡಬೇಕು. ಅಡ ಇಲ್ಲದೆ ಕೊಟ್ಟವರಿಗೆ ಪೌಂಡಿಗೆ ಕನಿಷ್ಠ 25 ಪೆನ್ಸ್, ಅಥವಾ ಮೂರು ವರ್ಷದಲ್ಲಿ 35 ಪೆನ್ಸ್. ಅಷ್ಟೂ ಕೊಡದಿದ್ರೆ ಇನ್ನೂ 15 ಪಾಯಿಂಟ್ ಕಟ್. ಊಟ ಹಾಕಿದವನು, ಬಸ್ಸು ಬಿಟ್ಟವನು ಈ 25 ಪೆನ್ಸಿನ ಸಾಲಲ್ಲಿ ನಿಂತಿರ್ತಾನೆ.

ಬ್ಲ್ಯಾಕ್‌ಬರ್ನಿನ ಲೆಕ್ಕದ ವರ್ಷ ಮುಗಿಯೋದು ಜೂನ್ 30ಕ್ಕೆ, ಸಲ್ಲಿಸೋಕೆ ಒಂಬತ್ತು ತಿಂಗಳು ಸಮಯ. ಅಂದ್ರೆ ಮಾರ್ಚ್ ಕೊನೆ. ಪಿಡಿಎಫ್ ತೆಗೆದ ಕೂಡಲೇ ಲಾಭ-ನಷ್ಟಕ್ಕೆ ಹೋಗಬ್ಯಾಡ್ರಿ. "ಗೋಯಿಂಗ್ ಕನ್ಸರ್ನ್" ಅಂತ ಒಂದು ಪ್ಯಾರಾ ಇರುತ್ತೆ, ಮುಂದಿನ 12 ತಿಂಗಳು ಖರ್ಚು ಯಾರು ನೋಡ್ಕೊಳ್ತಾರೆ ಅಂತ ಬರೆದಿರ್ತಾರೆ. ಅದರಲ್ಲಿ ಮಾಲೀಕರ ಭರವಸೆಯ ಮಾತು ಹೋದ ವರ್ಷದ್ದೇ ಐತಾ, ಒಂದು ಪದ ಸಡಿಲ ಆಗೈತಾ, ಎರಡೂ ವರ್ಷದ ಪುಟ ಅಕ್ಕಪಕ್ಕ ಇಟ್ಟು ಓದ್ರಿ. ಆಮೇಲೆ ಕೊನೆಯ ಪುಟಗಳಿಗೆ ಹೋಗ್ರಿ. ಜೂನ್ ಆದ ಮೇಲೆ ಯಾರನ್ನ ಮಾರಿದರು, ಎಷ್ಟಕ್ಕೆ ಅನ್ನೋ ಟಿಪ್ಪಣಿ ಅಲ್ಲಿರುತ್ತೆ.