ನಿಧಾನದ ಡಿಕ್ಕಿಯಲ್ಲಿ ಎಲೆಕ್ಟ್ರಾನ್ ಹೇಗೆ ಹೊರಬರುತ್ತದೆ?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಡಿಕ್ಕಿಯ ಬಗ್ಗೆ ಮಾತಾಡುತ್ತೇನೆ. ಹೈಡ್ರೋಜನ್ ಪರಮಾಣು ನಿಮಗೆ ಗೊತ್ತು: ಒಂದು ಪ್ರೋಟಾನ್, ಅದರ ಸುತ್ತ ಒಂದು ಎಲೆಕ್ಟ್ರಾನ್. ಅದರ ಕಡೆಗೆ ಇನ್ನೊಂದು ಪ್ರೋಟಾನ್ ಬರುತ್ತಿದೆ. ವೇಗ ಸೆಕೆಂಡಿಗೆ ಸುಮಾರು 440 ಕಿಲೋಮೀಟರ್, ಶಕ್ತಿ 1000 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ). ಸೂರ್ಯನಿಂದ ಹೊರಹರಿಯುವ ಸೌರಮಾರುತದ ಪ್ರೋಟಾನ್‌ಗಳು ಹೆಚ್ಚುಕಡಿಮೆ ಇದೇ ವೇಗದವು. ನಮ್ಮ ಆದಿತ್ಯ-ಎಲ್1 ನೌಕೆ ಅಳೆಯುವುದೂ ಅವನ್ನೇ.

ಇದು ನಿಧಾನವೇ? ಎಲೆಕ್ಟ್ರಾನ್ ಲೆಕ್ಕದಲ್ಲಿ ಹೌದು. ಹೈಡ್ರೋಜನ್‌ನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2200 ಕಿಲೋಮೀಟರ್, ಅಂದರೆ ಐದು ಪಟ್ಟು. ಪ್ರೋಟಾನ್ ಹತ್ತಿರ ಬಂದು ದೂರ ಸರಿಯುವಷ್ಟರಲ್ಲಿ ಎಲೆಕ್ಟ್ರಾನ್ ಹಲವು ಸುತ್ತು ಮುಗಿಸಿರುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಎಲೆಕ್ಟ್ರಾನ್ ಬಿಡಿಸಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಲಾರಿ ಗುದ್ದಿದ ಪ್ಲಾಸ್ಟಿಕ್ ಚೆಂಡು ಲಾರಿಯ ಎರಡು ಪಟ್ಟು ವೇಗಕ್ಕಿಂತ ಜಾಸ್ತಿ ಹಾರುವುದಿಲ್ಲ, ಅಲ್ವಾ? ಹಾಗೆಯೇ, ನಿಂತ ಎಲೆಕ್ಟ್ರಾನ್‌ಗೆ ಈ ಪ್ರೋಟಾನ್ ನೇರವಾಗಿ ಗುದ್ದಿದರೂ ಕೊಡಬಲ್ಲದ್ದು ಬರೀ 2.2. ಆದರೂ ಪ್ರಯೋಗದಲ್ಲಿ ಎಲೆಕ್ಟ್ರಾನ್ ಹೊರಬರುತ್ತದೆ. ತೀರಾ ಅಪರೂಪಕ್ಕೆ, ಆದರೆ ಬರುತ್ತದೆ. ನನ್ನನ್ನು ಈ ವಿಷಯಕ್ಕೆ ಎಳೆದದ್ದು ಇದೇ.

ವೇಗದ ಡಿಕ್ಕಿಗೆ ಭೌತವಿಜ್ಞಾನಿ ಹಾನ್ಸ್ ಬೆಥೆ 1930ರಲ್ಲೇ ದಾರಿ ತೋರಿಸಿದ್ದರು. ಅಲ್ಲಿ ಬರುವ ಕಣ ಒಂದು ಚಿಕ್ಕ ತಳ್ಳು ಕೊಟ್ಟು ಹೋಗಿಬಿಡುತ್ತದೆ. ನಿಧಾನದಲ್ಲಿ ಹಾಗಾಗುವುದಿಲ್ಲ. ಎರಡು ಪ್ರೋಟಾನ್‌ಗಳು ಹತ್ತಿರ ಬಂದಾಗ ಎಲೆಕ್ಟ್ರಾನ್ ಇಬ್ಬರಿಗೂ ಸೇರಿದ್ದಾಗುತ್ತದೆ. ಒಂದು ಕ್ಷಣಕ್ಕೆ ಅಲ್ಲಿ ಅಣುವೇ ಹುಟ್ಟುತ್ತದೆ. ತುಂಬಿದ ಕೊಡ ಹೊತ್ತು ನಿಧಾನವಾಗಿ ನಡೆದರೆ ನೀರು ಕೊಡದ ಜೊತೆಗೇ ಬರುತ್ತದೆ. ಎಲೆಕ್ಟ್ರಾನ್ ಕೂಡ ಹಾಗೆಯೇ ಪ್ರೋಟಾನ್‌ಗಳ ಚಲನೆಗೆ ಹೊಂದಿಕೊಳ್ಳುತ್ತದೆ. ನಾವು ಹುಡುಕಬೇಕಾದದ್ದು ತುಳುಕುವ ಆ ಒಂದು ಹನಿಯನ್ನು.

ಆ ಹನಿಯ ಲೆಕ್ಕ ಸೂಕ್ಷ್ಮ. ವೇಗ ಇಳಿದಂತೆ ಸಾಧ್ಯತೆ ಸುಮ್ನೆ ಕಡಿಮೆಯಾಗುವುದಿಲ್ಲ, ಕುಸಿಯುತ್ತದೆ. ಒಂದು ವೇಗದಲ್ಲಿ ನೂರಕ್ಕೆ ಒಂದು ಇದ್ದರೆ, ಅರ್ಧ ವೇಗದಲ್ಲಿ ಹತ್ತು ಸಾವಿರಕ್ಕೆ ಒಂದು. ಎಲೆಕ್ಟ್ರಾನ್ ಇರಬಹುದಾದ ಎರಡು ಶಕ್ತಿಮಟ್ಟಗಳು ಹತ್ತಿರ ಬಂದಾಗ ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಸೂತ್ರವನ್ನು ಲ್ಯಾಂಡೌ, ಝೀನರ್ ಇಬ್ಬರೂ 1932ರಲ್ಲಿ ಕೊಟ್ಟರು. ಆದರೆ ಇಲ್ಲಿ ಒಂದು ಜಿಗಿತ ಸಾಲದು, ಮೇಲಿನವರೆಗೆ ಏಣಿಯೇ ಬೇಕು. ಆ ಏಣಿಯನ್ನು ಕಂಡವರು ರಷ್ಯಾದ ಸೊಲೊವ್ಯೋವ್, 1981ರಲ್ಲಿ. ಪ್ರೋಟಾನ್‌ಗಳ ನಡುವಿನ ದೂರಕ್ಕೆ ಮೈನಸ್ ಒಂದರ ವರ್ಗಮೂಲವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಬೇರೆಬೇರೆಯಾಗಿ ಕಾಣುತ್ತಿದ್ದ ಮಟ್ಟಗಳು ಅಲ್ಲಲ್ಲಿ ಒಂದನ್ನೊಂದು ಮುಟ್ಟುತ್ತವೆ. ಆ ಬಿಂದುಗಳೇ ಸಾಲಾಗಿ ಬಿಡುಗಡೆಯ ಅಂಚಿನವರೆಗೆ ಹೋಗುತ್ತವೆ. ನಿಜವಾದ ದೂರಗಳಲ್ಲಿ ಮಾತ್ರ ಹುಡುಕಿದವರಿಗೆ ಇವು ಸಿಗುವುದೇ ಇಲ್ಲ. ನನಗೆ ಈ ಇಡೀ ವಿಷಯದಲ್ಲಿ ತುಂಬ ಚೆಂದ ಅನಿಸುವುದು ಇದು.

ಇನ್ನೊಂದು ಚಿತ್ರ ಕಣ್ಣಿಗೆ ಕಟ್ಟುವಂಥದ್ದು. ಅಮೆರಿಕದ ರೊನಾಲ್ಡ್ ಓಲ್ಸನ್ 1980ರ ದಶಕದಲ್ಲಿ ಇದರ ಬಗ್ಗೆ ಬರೆದರು. ಪ್ರತಿ ಪ್ರೋಟಾನ್ ಒಂದು ಗುಂಡಿ ಎಂದುಕೊಳ್ಳಿ. ಎರಡು ಗುಂಡಿಗಳ ನಡುವೆ ಒಂದು ಬದು. ಗುಂಡಿಗಳು ದೂರವಾದಂತೆ ಬದು ನೆಲಮಟ್ಟದ, ಅಂದರೆ ಬಿಡುಗಡೆಯ ಅಂಚಿನ, ಕಡೆಗೆ ಏರುತ್ತದೆ. ಎಲೆಕ್ಟ್ರಾನ್ ಯಾವ ಗುಂಡಿಗೂ ಜಾರದೆ ಬದುವಿನ ಮೇಲೇ ಉಳಿದರೆ, ಬದುವೇ ಅದನ್ನು ಎತ್ತಿ ತಂದು ಬಿಡುಗಡೆ ಮಾಡುತ್ತದೆ. ಖರ್ಚು ಪ್ರೋಟಾನ್‌ಗಳದು. ಅವುಗಳ ಹತ್ತಿರ ಶಕ್ತಿ ಬೇಕಾದಷ್ಟಿದೆ, ಗುದ್ದಿ ಕೊಡಲು ಬರುವುದಿಲ್ಲ ಅಷ್ಟೆ. ಬಹುತೇಕ ಸಲ ಎಲೆಕ್ಟ್ರಾನ್ ಹಳೆಯ ಪ್ರೋಟಾನ್‌ಗೋ ಹೊಸ ಪ್ರೋಟಾನ್‌ಗೋ ಜಾರುತ್ತದೆ. ಅದಕ್ಕೇ ಬಿಡುಗಡೆ ಅಪರೂಪ.

ಪ್ರೋಟಾನ್ ಬದಲು ಎಲೆಕ್ಟ್ರಾನ್ ಬಂದು ಡಿಕ್ಕಿ ಹೊಡೆದರೂ ಇಂಥದೇ ಬದು ಎದುರಾಗುತ್ತದೆ. ಶಕ್ತಿ ಅಗತ್ಯಕ್ಕಿಂತ ಒಂಚೂರು ಮಾತ್ರ ಹೆಚ್ಚಿದ್ದಾಗ, ಹೊರಡುವ ಎರಡು ಎಲೆಕ್ಟ್ರಾನ್‌ಗಳೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ, ಸಮಸಮವಾಗಿ ಸರಿಯಬೇಕು. ಒಂದು ಮುಂದಾದರೆ ಇನ್ನೊಂದು ಹಿಂದಕ್ಕೆ ಬೀಳುತ್ತದೆ. ಗ್ರೆಗರಿ ವಾನಿಯರ್ 1953ರಲ್ಲಿ ಇಷ್ಟೇ ಚಿತ್ರದಿಂದ ಒಂದು ನಿಯಮ ತೆಗೆದರು: ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾಗುವ ಸಾಧ್ಯತೆ, ಹೆಚ್ಚುವರಿ ಶಕ್ತಿಯ 1.127ನೇ ಘಾತದಂತೆ ಏರಬೇಕು. ಇಪ್ಪತ್ತೊಂದು ವರ್ಷಗಳ ನಂತರ ತ್ಸ್ವೆಯಾನೊವಿಚ್ ಮತ್ತು ರೀಡ್ ಹೀಲಿಯಂ ಮೇಲೆ ಅಳೆದು ನೋಡಿದರು. ಅವರಿಗೆ ಸಿಕ್ಕಿದ್ದು 1.131.