ಆರ್ಟ್ಸ್‌ನಲ್ಲೂ ಪ್ರಾಕ್ಟಿಕಲ್ಲಾ? ಪಿಯುಸಿ ಸೈಕಾಲಜಿ ಲ್ಯಾಬ್‌ನೊಳಗೆ ಏನಿದೆ?

[ಕ್ಯಾಮೆರಾ ಮುಂದೆ]

ನಮಸ್ಕಾರ್ರೀ, ವಿಜಯಪುರದಿಂದ! ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು, ನಮಗೆ ಮೆಸೇಜ್‌ಗಳ ಸುರಿಮಳೆ ಶುರುವಾಯಿತು. ಇಂಡಿಯಿಂದ ಒಬ್ಬ ಹುಡುಗ ಕೇಳಿದ್ದಾನೆ: "ಅಣ್ಣಾ, ಪಿಯುಸಿ ಒಳಗ ಸೈಕಾಲಜಿ ತಗೊಂಡ್ರ ಮಂದಿ ಮನಸ್ಸಿನ್ಯಾಗ ಏನ್ ನಡದೈತಿ ಅಂತ ಗೊತ್ತಾಗ್ತೈತೇನು?"

ಇಲ್ಲಪ್ಪಾ. ಹಾಗೆ ಗೊತ್ತಾಗುವಂತಿದ್ದರೆ ಸೈಕಾಲಜಿ ಹುಡುಗರೆಲ್ಲ ಪ್ರಶ್ನೆಪತ್ರಿಕೆ ತೆಗೆಯುವವರ ಮನಸ್ಸು ಓದಿ ನೂರಕ್ಕೆ ನೂರು ತೆಗೆಯುತ್ತಿದ್ದರು.

ಆದರೆ ಸಿಂದಗಿಯ ಹುಡುಗಿಯೊಬ್ಬಳ ಪ್ರಶ್ನೆ ನನ್ನ ತಲೆಯೊಳಗೆ ಕೂತುಬಿಟ್ಟಿತು: "ಆರ್ಟ್ಸ್ ಅಂತೀರಿ, ಮತ್ತ 30 ಮಾರ್ಕ್ಸ್ ಪ್ರಾಕ್ಟಿಕಲ್ ಯಾಕ್ರಿ? ಮನಸ್ಸನ್ನ ಟೆಸ್ಟ್ ಟ್ಯೂಬ್‌ನ್ಯಾಗ ಹಾಕ್ತಾರೇನ್ರಿ?"

[ಟೈಟಲ್]

ಮೊದಲು ಲೆಕ್ಕ, ಬೇಗ ಮುಗಿಸೋಣ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಸೈಕಾಲಜಿ ಆ ನಾಲ್ಕರಲ್ಲಿ ಒಂದಾಗಬಹುದು. ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಎರಡು ವರ್ಷದಲ್ಲಿ ಕಲಿಕೆ, ನೆನಪು, ಬುದ್ಧಿಶಕ್ತಿ, ವ್ಯಕ್ತಿತ್ವ, ಒತ್ತಡ ಎಲ್ಲ ಬರುತ್ತವೆ. 1879ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ಶುರುಮಾಡಿದ್ದು ಮೊದಲ ಪಾಠದಲ್ಲೇ ಸಿಗುತ್ತದೆ, ಬಾಯಿಪಾಠ ಮಾಡಿಬಿಡಿ. ಅಂದಹಾಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರೇ ಆಮೇಲೆ ಮೈಸೂರಲ್ಲಿ ಆಕಾಶವಾಣಿ ಅನ್ನೋ ರೇಡಿಯೋ ಸ್ಟೇಷನ್ನನ್ನೂ ಶುರುಮಾಡಿದರು. ಈಗ "ಆರ್ಟ್ಸ್ ತಗೊಂಡವರು ಏನ್ ಮಾಡ್ತಾರೋ?" ಅನ್ನೋ ಕಾಕಾಗಳಿಗೆ ಈ ಉತ್ತರ ಕೊಡಿ.

ಸರಿ, ಲ್ಯಾಬ್‌ಗೆ ಬರೋಣ.

[ಸ್ಕ್ರೀನ್: ಮರದ ಹಲಗೆ, ನಿಲ್ಲಿಸಿದ ಕನ್ನಡಿ, ನಕ್ಷತ್ರದ ಚಿತ್ರ]

ಇದರ ಹೆಸರು ಮಿರರ್ ಡ್ರಾಯಿಂಗ್. ಒಂದು ಹಲಗೆ, ಅದರ ಮೇಲೆ ಜೋಡಿಗೆರೆಯ ನಕ್ಷತ್ರ. ಹಿಂದೆ ಕನ್ನಡಿ. ನಿಮ್ಮ ಕೈ ನೇರವಾಗಿ ಕಾಣದಂತೆ ನಡುವೆ ಒಂದು ಅಡ್ಡಮರೆ. ಕನ್ನಡಿಯಲ್ಲಷ್ಟೇ ನೋಡುತ್ತಾ, ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ ಒಂದು ಸುತ್ತು ಮುಗಿಸಬೇಕು. ಗೆಳೆಯ ಸ್ಟಾಪ್‌ವಾಚ್ ಹಿಡಿದಿರುತ್ತಾನೆ. ಪೆನ್ಸಿಲ್ ಎಷ್ಟು ಸಲ ಗೆರೆ ದಾಟಿತು ಅಂತಲೂ ಎಣಿಸುತ್ತಾನೆ.

ಸುಲಭ ಅನ್ನಿಸುತ್ತೆ ಅಲ್ವಾ? ಮನೆಯಲ್ಲಿ ಮಾಡಿ ನೋಡಿ. ಅಡ್ಡ ಗೆರೆ ಇದ್ದರೆ ಪಾಸ್. ಓರೆ ಗೆರೆ ಬಂತೋ, ಕೈ ಗಪ್ಪನೆ ನಿಂತುಬಿಡುತ್ತೆ. ಕಣ್ಣು ಆ ಕಡೆ ಅನ್ನುತ್ತೆ, ಕೈ ಈ ಕಡೆ ಎಳೆಯುತ್ತೆ. ಯಾಕಂದ್ರೆ ಕನ್ನಡಿ ಇಲ್ಲಿ ಎಡಬಲ ಬದಲಿಸಿಲ್ಲ. ಹಿಂದುಮುಂದು ಬದಲಿಸಿದೆ. ನಿಮ್ಮ ಕಡೆ ಬರುವ ಗೆರೆ ದೂರ ಹೋದಂತೆ ಕಾಣುತ್ತೆ. ನಮ್ಮ ಸ್ಟುಡಿಯೋದಲ್ಲಿ ಇದನ್ನು ಮಾಡಿದ ಕ್ಯಾಮೆರಾಮನ್‌ನ ನಕ್ಷತ್ರ ನೋಡಿ. ಇದು ನಕ್ಷತ್ರವೋ, ಗುದ್ದಿಸಿಕೊಂಡ ಸೈಕಲ್ ಚಕ್ರವೋ, ನೀವೇ ಹೇಳಿ.

ಈಗ ಅಸಲಿ ಮಜಾ. ಮೊದಲು ಎಡಗೈಯಲ್ಲಿ ಒಂದು ಸುತ್ತು. ಆಮೇಲೆ ಬಲಗೈಯಲ್ಲಿ ಹಲವು ಸುತ್ತು. ಕೊನೆಗೆ ಮತ್ತೆ ಎಡಗೈ. ನಡುವೆ ಎಡಗೈ ಸುಮ್ನೆ ಕೂತಿತ್ತು. ಆದರೂ ಸಾಮಾನ್ಯವಾಗಿ ಅದರ ಸಮಯ ಇಳಿಯುತ್ತೆ, ತಪ್ಪೂ ಇಳಿಯುತ್ತೆ. ಬಲಗೈ ಕಲಿತದ್ದು ಎಡಗೈಗೂ ತಲುಪಿತು! ರೆಕಾರ್ಡ್ ಬುಕ್‌ನಲ್ಲಿ ಇದನ್ನು ಬೈಲ್ಯಾಟರಲ್ ಟ್ರಾನ್ಸ್‌ಫರ್ ಅಂತ ಬರೆಯುತ್ತೀರಿ.

ಈ ಕನ್ನಡಿ ಆಟವೇ ನೆನಪಿನ ವಿಜ್ಞಾನದ ದಿಕ್ಕು ಬದಲಿಸಿತು. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅನ್ನೋ 27 ವರ್ಷದವನಿಗೆ ಮೂರ್ಛೆರೋಗ ತಡೆಯಲೆಂದು ಮೆದುಳಿನ ಆಪರೇಷನ್ ಆಯಿತು. ಮೆದುಳಿನೊಳಗಿನ ಹಿಪೊಕ್ಯಾಂಪಸ್ ಅನ್ನೋ ಭಾಗದ ದೊಡ್ಡ ಪಾಲನ್ನು ಎರಡೂ ಬದಿಯಲ್ಲಿ ತೆಗೆದರು. ಆಮೇಲೆ ಅವನಿಗೆ ಹೊಸದೇನೂ ನೆನಪಲ್ಲಿ ಉಳಿಯಲಿಲ್ಲ. ಡಾಕ್ಟರ್ ಹೊರಗೆ ಹೋಗಿ ಒಳಗೆ ಬಂದರೆ ಮತ್ತೆ ಹೊಸಬರು. ಬ್ರೆಂಡಾ ಮಿಲ್ನರ್ ಅನ್ನೋ ಸೈಕಾಲಜಿಸ್ಟ್ ಇವನ ಮುಂದೆ ಈ ನಕ್ಷತ್ರ ಇಟ್ಟರು. ಮೂರು ದಿನ ಮಾಡಿಸಿದರು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಗುತ್ತಾ ಹೋಯಿತು. ಆದರೆ ಮುಂಚೆ ಇದನ್ನು ಮಾಡಿದ್ದೇ ಅವನಿಗೆ ನೆನಪಿಲ್ಲ!

ಅಂದರೆ ನೆನಪು ಒಂದೇ ಪೆಟ್ಟಿಗೆ ಅಲ್ಲ. ನಡೆದ ಘಟನೆಯ ನೆನಪು ಬೇರೆ, ಕೈಯ ನೆನಪು ಬೇರೆ. ನಿಮ್ಮ ಅವ್ವ ಜೋಳದ ರೊಟ್ಟಿ ಬಡಿಯುವಾಗ "ಎಷ್ಟು ಸಲ ತಟ್ಟಿದಿ, ಯಾವಾಗ ತಿರುಗಿಸಿದಿ?" ಅಂತ ಕೇಳಿ. "ಏ, ಅದೆಲ್ಲಾ ಯಾರು ಎಣಸ್ತಾರ" ಅಂತ ಬೈಸಿಕೊಳ್ಳುತ್ತೀರಿ. ರೊಟ್ಟಿ ಮಾತ್ರ ಗುಂಡಗೇ ಇರುತ್ತೆ. ಸಿಂದಗಿ ತಂಗಿ, ಪ್ರಾಕ್ಟಿಕಲ್ ಯಾಕೆ ಅಂದ್ಯಲ್ಲಮ್ಮಾ, ಇದಕ್ಕೇ. ಮನಸ್ಸನ್ನ ಟೆಸ್ಟ್ ಟ್ಯೂಬ್‌ಗೆ ಹಾಕೋಕಾಗಲ್ಲ, ಅದು ಮಾಡೋ ಕೆಲಸಕ್ಕೆ ಗಡಿಯಾರ ಹಿಡಿಯಬಹುದು.

[ಎಡಿಟರ್ ಟೈಮ್ ತೋರಿಸುತ್ತಿದ್ದಾನೆ]

ಆಯ್ತು ಮಾರಾಯ, ಬೇಗ ಮುಗಿಸ್ತೀನಿ. ಲ್ಯಾಬ್‌ನಲ್ಲಿ ಇನ್ನೂ ಇವೆ: ಒಂದೇ ಉದ್ದದ ಗೆರೆಗಳು ಉದ್ದಗಿಡ್ಡ ಕಾಣುವ ಮುಲ್ಲರ್-ಲಯರ್ ಭ್ರಮೆ, ಅರ್ಥವಿಲ್ಲದ ಅಕ್ಷರಗಳನ್ನು ನೆನಪಿಡುವ ಪರೀಕ್ಷೆ. ಅವು ಮುಂದಿನ ವಿಡಿಯೋಗೆ.

ಕೆಲಸದ ಮಾತು. ಸೈಕಿಯಾಟ್ರಿಸ್ಟ್ ಅಂದ್ರೆ ಔಷಧ ಬರೆಯುವ ಡಾಕ್ಟರ್. ಅದಕ್ಕೆ ಸೈನ್ಸ್, ನೀಟ್, ಎಂಬಿಬಿಎಸ್, ಆಮೇಲೆ ಆ ವಿಷಯದ ಪಿಜಿ ಬೇಕು. ಆರ್ಟ್ಸ್‌ನಿಂದ ಆ ದಾರಿ ಇಲ್ಲ, ಸುಳ್ಳು ಆಸೆ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಬೇರೆ: ಡಿಗ್ರಿ, ಪಿಜಿ, ಆಮೇಲೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ತರಬೇತಿ ಮತ್ತು ನೋಂದಣಿ. ಆರ್ಟ್ಸ್‌ನವರೂ ಅಲ್ಲಿಗೆ ಹೋಗಬಹುದು, ಆದರೆ ವರ್ಷಗಳು ಹಿಡಿಯುತ್ತೆ. ನಮ್ಮ ಕಡೆ ಮಂದಿ ಹೋಗುವ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಎರಡೂ ಥರದವರು ಕೆಲಸ ಮಾಡುತ್ತಾರೆ. ಮೂರೇ ತಿಂಗಳಲ್ಲಿ ಆನ್‌ಲೈನ್ ಸರ್ಟಿಫಿಕೇಟ್ ಕೊಟ್ಟು ಕೌನ್ಸೆಲರ್ ಮಾಡ್ತೀವಿ ಅನ್ನೋರ ಹತ್ತಿರ ದುಡ್ಡು ಕಳೆಯಬೇಡಿ.

ಕೊನೇದು. ಎಲ್ಲ ಕಾಲೇಜಲ್ಲೂ ಸೈಕಾಲಜಿ ಸಿಗಲ್ಲ. ಅರ್ಜಿ ತುಂಬುವ ಮುಂಚೆ ಹೋಗಿ ಎರಡೇ ಮಾತು ಕೇಳಿ: ಈ ವಿಷಯಕ್ಕೆ ಲೆಕ್ಚರರ್ ಇದ್ದಾರಾ, ಲ್ಯಾಬ್ ಕಪಾಟು ತೆಗೆದು ತೋರಿಸ್ತೀರಾ? ಕೀಲಿ ಯಾರ ಹತ್ತಿರ ಇದೆ ಅಂತ ಅವರೇ ಹುಡುಕಾಡಿದರೆ, ಪಕ್ಕದ ಕಾಲೇಜಿಗೆ ನಡೀರಿ.