ಸೇವೆ ಸೇವೆ ಅಂತ ಸಿಸ್ಟರ್ ಸಂಬಳ ನುಂಗಬೇಡಿ

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಚರ್ಚಿಗೆ ಹೋಗೋ ನರ್ಸಮ್ಮಂದಿರು ಸೇವೆ ಅಂತ ದುಡೀತಾರೆ, ಅವರಿಗೆ ಸಂಬಳದ ಆಸೆ ಇರಲ್ಲ." ಓದಿ ಮೈ ಉರೀತು. ದೇವರ ಲೆಕ್ಕ ಬೇರೆ, ಸಂಬಳದ ಲೆಕ್ಕ ಬೇರೆ!

ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಔಷಧಿ ಕೊಡೋಕೆ ಶುರು ಮಾಡಿದ್ದು 1880ರಲ್ಲಿ. ಮಂಗಳೂರಲ್ಲಿ ಚರ್ಚಿಗೂ ಆಸ್ಪತ್ರೆಗೂ ಅಷ್ಟು ಹಳೇ ನಂಟು. ಈ ಕಡೆಯ ಎಷ್ಟೋ ಕ್ರೈಸ್ತ ಮನೆಗಳಿಗೆ ನರ್ಸ್ ಆಗಿದ್ದ ಅಜ್ಜಿಯೇ ಯಜಮಾನಿ. ನೈಟ್ ಡ್ಯೂಟಿ ಮುಗಿಸಿ ನೇರ ಬೆಳಗಿನ ಪೂಜೆಗೆ, ಸಂಜೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ರೊಜಾರಿಗೆ, ಅಂದ್ರೆ ಜಪಮಾಲೆ ಪ್ರಾರ್ಥನೆಗೆ. ಸೆಪ್ಟೆಂಬರ್ 8, ಮೊಂತಿ ಫೆಸ್ತ್ (ಮೇರಿ ಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ದಿನ, ಚರ್ಚಿಂದ ತಂದ ತೆನೆಯ ಕಾಳು ಸುಲಿದು ಪುಡಿ ಮಾಡಿ, ಬೆಲ್ಲ ಹಾಕಿದ ತೆಂಗಿನ ಹಾಲಲ್ಲಿ ಬೆರೆಸಿ, ಎಲ್ಲರಿಗೂ ಒಂದೊಂದು ಗುಟುಕು ಹಂಚಿದ ಮೇಲೇ ಊಟ. ಮೀನಿಲ್ಲ, ಮಾಂಸ ಇಲ್ಲ.

ಭಕ್ತಿ ದೊಡ್ಡದೇ. ಆದರೆ ವಾರ್ಡಲ್ಲಿ ಪ್ರಾಣ ಉಳಿಸೋದು ಆಕೆ ಕಲಿತ ಕಸುಬು. ರಕ್ತ ಕೊಡೋದನ್ನೇ ನೋಡಿ. ಫ್ರಿಜ್ಜಿಂದ ತೆಗೆದ ಚೀಲ 30 ನಿಮಿಷದೊಳಗೆ ಶುರುವಾಗಬೇಕು, 4 ಗಂಟೆಯೊಳಗೆ ಮುಗೀಬೇಕು. ಹಾಸಿಗೆ ಪಕ್ಕ ಇಬ್ಬರು ನಿಂತು ಹೆಸರು, ಐಪಿ ನಂಬರ್ (ಆಸ್ಪತ್ರೆ ದಾಖಲಾತಿ ನಂಬರ್), ಗ್ರೂಪ್, ಚೀಲದ ನಂಬರ್, ಎಕ್ಸ್‌ಪೈರಿ ತಾಳೆ ನೋಡಬೇಕು. ಮೊದಲ 15 ನಿಮಿಷ ನಿಧಾನ ಬಿಟ್ಟು ಅಲ್ಲೇ ಇರಬೇಕು. ಚಳಿ, ಜ್ವರ, ಸೊಂಟನೋವು, ಉಸಿರುಗಟ್ಟೋದು ಕಂಡರೆ ತಕ್ಷಣ ರಕ್ತ ನಿಲ್ಲಿಸಿ, ಸೆಟ್ (ರಕ್ತ ಹರಿಯೋ ಟ್ಯೂಬು) ಬದಲಿಸಿ, ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್) ಹಾಕಿ ಡಾಕ್ಟರನ್ನು ಕರೀಬೇಕು. ಹಳೇ ಸೆಟ್ಟಲ್ಲೇ ಸಲೈನ್ ಬಿಟ್ಟರೆ ಟ್ಯೂಬಲ್ಲಿ ಉಳಿದ ರಕ್ತ ಒಳಗೆ ಹೋಗುತ್ತೆ. ರಕ್ತದ ಜೊತೆ ಗ್ಲೂಕೋಸ್ ಓಡಿಸಿದರೆ ರಕ್ತಕಣ ಒಡೆಯುತ್ತೆ.

ಡ್ರಿಪ್? 500 ಎಂಎಲ್, 4 ಗಂಟೆ, ಎಂಎಲ್‌ಗೆ 20 ಹನಿಯ ಸೆಟ್: ನಿಮಿಷಕ್ಕೆ ಸುಮಾರು 42 ಹನಿ. ರೋಗಿ ಕೈ ಮಡಚಿದರೆ ವೇಗ ಬದಲು, ಮತ್ತೆ ಎಣಿಸಬೇಕು. ಪೊಟ್ಯಾಸಿಯಂ ಇಂಜೆಕ್ಷನ್ ಸಲೈನಲ್ಲಿ ಬೆರೆಸದೆ ನೇರ ನರಕ್ಕೆ ತಳ್ಳಿದರೆ ಎದೆಬಡಿತವೇ ನಿಲ್ಲಬಹುದು. ಇದನ್ನೆಲ್ಲ ಕಲಿಯೋಕೆ ವರ್ಷಗಟ್ಟಲೆ ಓದಿದ್ದಾರೆ ಸ್ವಾಮಿ! ದೇವರ ಲೆಕ್ಕ ಬೇರೆ, ಸಂಬಳದ ಲೆಕ್ಕ ಬೇರೆ!

"ನೈಟಿಂಗೇಲ್ ದೀಪ ಹಿಡ್ಕೊಂಡು ಸೇವೆ ಮಾಡಲಿಲ್ವಾ?" ಅಂತೀರಿ. ದೀಪ ಒಂದೇ ನೆನಪಿರೋದು ನಿಮಗೆ. ಆ ದೈವಭಕ್ತೆ ಸೈನಿಕರ ಸಾವಿನ ಅಂಕಿ ಅಂಶ ಜೋಡಿಸಿ ಸರ್ಕಾರದ ಮುಂದೆ ಇಟ್ಟರು, 1860ರಲ್ಲಿ ಲಂಡನ್ನಲ್ಲಿ ನರ್ಸಿಂಗ್ ಶಾಲೆ ತೆರೆದರು.

ಇನ್ನು ಸಂಬಳ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಮಾಡಿದ ಸಮಿತಿ, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000ಕ್ಕೆ ಕಮ್ಮಿ ಕೊಡಬಾರದು ಅಂತ ಶಿಫಾರಸು ಮಾಡಿತು. 200 ಹಾಸಿಗೆ ದಾಟಿದರೆ ರಾಜ್ಯ ಸರ್ಕಾರಿ ನರ್ಸಿನಷ್ಟೇ. ಇದೇನು ಆಸೆಬುರುಕತನವೇ?



ನಿಮ್ಮ ಇಂಜಿನಿಯರ್ ಮಗ ಶನಿವಾರ ಹನುಮಂತನ ಗುಡಿಗೆ ಹೋಗ್ತಾನೆ ಅಂತ ಕಂಪನಿ ಸಂಬಳ ಮುರಿಯುತ್ತಾ? ಇಲ್ಲ ತಾನೆ! ಮತ್ತೆ ರೊಜಾರಿ ಹಿಡಿದ ಕೈಗೆ ಯಾಕೆ ಕಮ್ಮಿ? ಯಾಕೆ ಅಂತ ಕೇಳ್ತಿದ್ದೀನಿ! ದೇವರ ಲೆಕ್ಕ ಬೇರೆ, ಸಂಬಳದ ಲೆಕ್ಕ ಬೇರೆ. ಒಪ್ಪದೋರು ಕೆಳಗೆ ಬರೀರಿ, ಒಬ್ಬೊಬ್ಬರಿಗೂ ಉತ್ತರ ಕೊಡ್ತೀನಿ.